ಬಾಗಿಲು ಬಡಿಯಿತು ಎಂದೆ

ಪೀಣ್ಯದಲ್ಲಿ ನಾನು ಕೆಲಸಕ್ಕಿದ್ದ ಶೆಡ್ಡಿನ ಪ್ರೆಸ್ಸಿಗೆ ಎರಡು ಗುಂಡಿಗಳಿದ್ದವು. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯಬೇಕು. ಕೈ ಒಳಗೆ ಸಿಕ್ಕಿಕೊಳ್ಳಬಾರದೆಂದು ಆ ಏರ್ಪಾಡು. ಆದರೆ ಪೀಸು ಜಾಸ್ತಿ ಬೀಳಬೇಕಲ್ಲ! ಒಂದು ಗುಂಡಿ ಸದಾ ಒತ್ತಿಕೊಂಡೇ ಇರುವ ಹಾಗೆ ಅದಕ್ಕೆ ಟೇಪು ಸುತ್ತಿಬಿಡುತ್ತಿದ್ದೆವು. ಸುತ್ತುತ್ತಿದ್ದವನು ನಾನೇ, ಮಿಷನ್ ರಿಪೇರಿಯವನು. ಮಾಲೀಕರು ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ, ಟೇಪಿನ ಸುರುಳಿ ತಂದು ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು.

ಆ ಪ್ರೆಸ್ಸಿನಲ್ಲಿ ರಾಯಚೂರು ಕಡೆಯ ಹೆಂಗಸೊಬ್ಬಳು ಕೂರುತ್ತಿದ್ದಳು. ಒಂದು ದಿನ ಊಟದ ಹೊತ್ತಿಗೆ ಮುಂಚೆ ಅವಳ ಎಡಗೈಯ ಎರಡು ಬೆರಳು ಹೋದವು. ಆಟೋದಲ್ಲಿ ಹಾಕಿಕೊಂಡು ಓಡಿದವನೂ ನಾನೇ. ಆಸ್ಪತ್ರೆಯ ನರ್ಸು ಹೇಗಾಯಿತೆಂದು ಕೇಳಿದಾಗ, "ಮನೇಲಿ ಬಾಗ್ಲು ಬಡೀತು ಮೇಡಂ" ಅಂದುಬಿಟ್ಟೆ. ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಾಲೀಕರಿಗೆ ಇನ್ನೂ ಫೋನು ಕೂಡ ಮಾಡಿರಲಿಲ್ಲ. ನೋವಿನಲ್ಲಿ ನರಳುತ್ತಿದ್ದ ಅವಳು ನನ್ನ ಮುಖ ನೋಡಿ ಹೂಂ ಎಂದಳು.

ಎರಡು ತಿಂಗಳಾದ ಮೇಲೆ ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ಕಾರ್ಮಿಕರ ವಿಮೆ ಆಫೀಸಿನಲ್ಲಿ ಕಾರ್ಖಾನೆಯಲ್ಲೇ ಆದ ಗಾಯ ಎಂದು ದಾಖಲಾದರೆ ಜೀವನಪೂರ್ತಿ ಪಿಂಚಣಿ, ಇಲ್ಲದಿದ್ದರೆ ಏನೂ ಇಲ್ಲ.

"ನೀವು ಕಣ್ಣಾರ ಕಂಡೀರಿ ಅಣ್ಣಾರ. ಆಫೀಸಿಗೆ ಬಂದು ಅಷ್ಟು ಹೇಳ್ರಿ ಸಾಕು."

ನಾನು ಹೋಗಿದ್ದು ಆಫೀಸಿಗಲ್ಲ, ನಮ್ಮ ಬೀದಿಯ ವಕೀಲರ ಹತ್ತಿರ. "ಅಪರಾಧ ಕಂಡೋನು ಹೋಗಿ ತಿಳಿಸ್ಲೇಬೇಕಾ ಸಾರ್?"

"ಕೊಲೆ, ದರೋಡೆ ಅಂಥವಕ್ಕೆ ಜನಾನೂ ತಿಳಿಸ್ಬೇಕು ಅಂತ ಕಾನೂನಿದೆ ಕಣ್ರೀ. ಇಂಥದ್ದಕ್ಕೆ ನೀವು ಸುಮ್ನಿದ್ರೆ ಯಾರೂ ಹಿಡಿಯಲ್ಲ. ಆದ್ರೆ ವಿಚಾರಣೇಲಿ ನಿಮ್ಮನ್ನೇ ಕೇಳಿದಾಗ ಸುಳ್ಳು ಹೇಳಿದ್ರೋ, ತಗಲಾಕ್ಕೋತೀರ."

ಅಬ್ಬಾ, ಎದೆಯ ಭಾರ ಇಳಿದಂತಾಯಿತು! ದಾರಿಯಲ್ಲಿ ಬೋಂಡ ಕಟ್ಟಿಸಿಕೊಂಡೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದವನು ಹಾಗೇ ಮತ್ತೆ ಕಟ್ಟಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು, ಅವಳ ಬೆರಳು ಹೋದದ್ದಕ್ಕೆ ನಾನು ನನ್ನ ತಲೆ ಉಳಿಸಿಕೊಳ್ಳುವ ಕಾನೂನು ಕೇಳಿಕೊಂಡು ಬಂದಿದ್ದೆ. ಹೆಂಡತಿ ಏನಾಯಿತೆಂದು ಕೇಳಿದ್ದಕ್ಕೆ ಅವಳ ಮೇಲೇ ಹರಿಹಾಯ್ದೆ.

ಮರುದಿನ ರಜೆ ಹಾಕಿ ಬೆರಳು ಕಳೆದುಕೊಂಡವಳ ಜೊತೆ ಆ ಆಫೀಸಿಗೆ ಹೋದೆ. ಗಾಯ ಪ್ರೆಸ್ಸಿನಲ್ಲೇ ಆಗಿದ್ದು, ನಾನೇ ಪಕ್ಕದಲ್ಲಿದ್ದೆ ಎಂದು ಅಧಿಕಾರಿಗೆ ಹೇಳಿದೆ. ಟೇಪಿನ ವಿಷಯ ನಾಲಿಗೆಯ ತುದಿಯವರೆಗೆ ಬಂತು, ಆಚೆ ಬರಲಿಲ್ಲ. ಅವರು ಬರೆದುಕೊಂಡು, ಆಸ್ಪತ್ರೆಯ ಚೀಟಿಯನ್ನು ಅವಳತ್ತ ತಿರುಗಿಸಿದರು.

"ಇದ್ರಲ್ಲಿ ಮನೆ ಬಾಗ್ಲು ಅಂತಿದೆಯಲ್ಲಮ್ಮಾ. ಹಂಗಂತ ಹೇಳಿದ್ಯಾರು?"

ಅವಳು ನನ್ನ ಕಡೆ ತಿರುಗಲೇ ಇಲ್ಲ. "ನಾನಽ ಹೇಳೀನ್ರಿ ಸಾಹೇಬ್ರ. ಅಂಜಿಕಿ ಆಗಿತ್ತು. ಅಣ್ಣಾರು ಆಗ ದವಾಖಾನಿ ಹೊರಗ ಇದ್ರು."

ಸುಳ್ಳು ಹೇಳಿದವನೆಂದು ನಾನು ಸಿಕ್ಕಿಬೀಳಬಾರದು ಎಂದು ಹಾಗೆ ಹೇಳಿದಳು.

"ಅವತ್ತು ಬಾಗ್ಲು ಅಂದೆ, ಇವತ್ತು ಪ್ರೆಸ್ಸು ಅಂತೀಯ. ನಿನ್ ಮಾತು ಹೆಂಗಮ್ಮ ನಂಬೋದು?" ಎನ್ನುತ್ತ ಅವರು ಅವಳ ಉತ್ತರವನ್ನೇ ಬರೆದುಕೊಳ್ಳತೊಡಗಿದರು. ಅವಳು ಬೆರಳು ಹೋದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಕೇಳಿದ್ದು ಅವಳನ್ನು, ನನ್ನನ್ನಲ್ಲವಲ್ಲ ಎಂದುಕೊಂಡು ಸುಮ್ಮನೆ ಕುಳಿತೆ.