ಓದದೆ ‘ಹೌದು’ ಎಂದ ದಿನ

ಕಳೆದ ವಾರ ಬನಹಟ್ಟಿಯ ಗುಜರಿ ಅಂಗಡಿಯೊಂದರ ಮುಂದೆ ಮಗ್ಗದ ಹಳೆಯ ಲಾಳಿಗಳ ರಾಶಿ ಕಂಡಿತು. ಒಂದನ್ನು ಕೈಗೆತ್ತಿಕೊಂಡೆ. ನುಣುಪಾದ ಕಟ್ಟಿಗೆ, ಎರಡೂ ತುದಿಗೆ ಕಬ್ಬಿಣದ ಮೊನೆ, ಎಣ್ಣೆಯ ಕಮಟು ವಾಸನೆ... ಒಂಬತ್ತನೆಯ ತರಗತಿಯಲ್ಲಿ ಇಂಥದೇ ಲಾಳಿಯಿಂದ ಮೇಜು ಕುಟ್ಟಿ ನಾನೊಂದು ಊರನ್ನು ಮುಳುಗಿಸಿದ್ದೆ.

ಸಮಾಜ ವಿಜ್ಞಾನ ಕಲಿಸುತ್ತಿದ್ದ ಸರ್ ಲೋಕಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಕಾನೂನು ಹೇಗಾಗುತ್ತದೆ ಎಂಬ ಪಾಠ ಬಂದಾಗ ಪುಸ್ತಕ ಮುಚ್ಚಿಸಿ, ಬೆಂಚುಗಳನ್ನು ಎದುರುಬದುರು ಹಾಕಿಸಿ, ತರಗತಿಯನ್ನೇ ವಿಧಾನಸಭೆ ಮಾಡಿದರು. ಒಂದು ಕಡೆ ಆಡಳಿತ ಪಕ್ಷ, ಇನ್ನೊಂದು ಕಡೆ ವಿರೋಧ ಪಕ್ಷ. ನಾನು ಸಭಾಧ್ಯಕ್ಷೆ. ನೇಕಾರರ ಊರು, ಸುತ್ತಿಗೆಯ ಬದಲು ಕೈಯಲ್ಲಿ ಲಾಳಿ.

ಸರ್ ತಾವೇ ಬರೆದ ‘ಹೊಸ ಜಲಾಶಯ ಮಸೂದೆ’ಯ ಪ್ರತಿಗಳನ್ನು ಹಂಚಿದ್ದರು. ಮಂತ್ರಿಯಾದವನು ಮಂಡಿಸಿದ. ಹೊಲಗಳಿಗೆ ನೀರು, ಮನೆಮನೆಗೆ ನಲ್ಲಿ. ವಿರೋಧ ಪಕ್ಷದವರೂ ಬೆಂಚು ಬಡಿದರು. ಊಟದ ಗಂಟೆ ಹತ್ತಿರವಿತ್ತು, ಚರ್ಚೆ ಎರಡೇ ನಿಮಿಷಕ್ಕೆ ಮುಗಿಯಿತು. ಮತಕ್ಕೆ ಹಾಕಿದೆ. ‘ಹೌದು’ ಎಂಬ ಕೂಗಿಗೆ ತಗಡಿನ ಮಾಡು ಅದುರಿತು. ‘ಇಲ್ಲ’ ಎಂದವರು ಯಾರೂ ಇಲ್ಲ. ಲಾಳಿ ಕುಟ್ಟಿದೆ.

ಸರ್ ಶಭಾಷ್ ಅನ್ನುತ್ತಾರೆಂದುಕೊಂಡಿದ್ದೆ. ಅವರ ಮುಖ ಬಿಳಚಿಕೊಂಡಿತ್ತು.

“ಕಡೀ ಕಲಮು ಓದವಾ,” ಎಂದರು.

ಓದಿದೆ. ಜಲಾಶಯದ ಜಾಗದಲ್ಲಿರುವ ಊರನ್ನು ಖಾಲಿ ಮಾಡಿಸತಕ್ಕದ್ದು. ಊರವರನ್ನು ಕೇಳುವ ಅಗತ್ಯವಿಲ್ಲ... ಯಾರಾದರೂ ತಡೆಯಲಿ ಎಂದೇ ಸರ್ ಆ ಸಾಲು ಸೇರಿಸಿದ್ದರು. ನಾವು ಅಲ್ಲಿಯವರೆಗೆ ಓದಿರಲೇ ಇಲ್ಲ.

“ನಾ ಓದಿದ್ದೆ ರೀ ಸರ್.”

ಹಿಂದಿನ ಬೆಂಚಿನ ಹುಡುಗಿ. ಅವಳ ಊರು ಕೃಷ್ಣೆಯ ಹಿನ್ನೀರಿನಲ್ಲಿ ಹೋಗಿ, ಮನೆಯವರು ಪುನರ್ವಸತಿ ಕೇಂದ್ರಕ್ಕೆ ಬಂದಿದ್ದರು. ನಮಗೆಲ್ಲ ಗೊತ್ತಿತ್ತು. ಆ ಹೊತ್ತಿಗೆ ಯಾರಿಗೂ ನೆನಪಾಗಿರಲಿಲ್ಲ, ಸರ್‌ಗೂ.

“ಮತ್ತ ನೀನೂ ಹೌದು ಅಂದೆಲ್ಲವಾ?” ಎಂದರು ಸರ್.

“ಎಲ್ಲಾರೂ ಅನ್ನಾಕತ್ತಿದ್ರು ರೀ. ನಾ ಒಬ್ಬಾಕಿ ಇಲ್ಲ ಅಂದ್ರ ನೀರು ನಿಲ್ಲತೈತೇನ್ರಿ?”

ಸರ್ ಕುರ್ಚಿ ಹಿಡಿದು ಕುಳಿತರು. ಊಟದ ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ.

“ತಪ್ಪು ನಂದು ತಂಗಿ. ನೀ ಇಲ್ಲಿ ಕುಂತದ್ದು ಮರತು ಆ ಸಾಲು ಬರದೆ...”

ದೊಡ್ಡವರೊಬ್ಬರು ನಮ್ಮ ಮುಂದೆ ಹೀಗೆ ತಪ್ಪೊಪ್ಪಿಕೊಂಡದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮರುದಿನ ಅವರು ಸಭೆಯನ್ನು ಮತ್ತೆ ಕರೆದು, ಅವಳನ್ನು ಕೇಳಿ ಕೇಳಿ ಮಾತಾಡಿಸಿದರು. ಅಜ್ಜಿ ಬಾಗಿಲ ಚೌಕಟ್ಟು ಕೀಳಿಸಿ ಟ್ರ್ಯಾಕ್ಟರಿಗೆ ಹಾಕಿಸಿದ್ದು, ಬೆಕ್ಕು ಹತ್ತದೆ ಅಲ್ಲೇ ಉಳಿದದ್ದು... ಅವಳು ಅಳಲಿಲ್ಲ, ನಾವು ಅತ್ತೆವು. ಮತಕ್ಕೆ ಹಾಕಿದಾಗ ಕೊನೆಯ ಕಲಮು ಬಿದ್ದುಹೋಯಿತು. ಮಸೂದೆ ಮಾತ್ರ ಪಾಸಾಯಿತು. ನೀರು ಬೇಕಾದವರ ಮಕ್ಕಳೂ ಅಲ್ಲಿದ್ದರು. ಈ ಸಲ ಅವಳೊಬ್ಬಳೇ ಎದ್ದು ನಿಂತು ‘ಇಲ್ಲ’ ಎಂದಳು. ಸರ್ ಆ ಒಂದು ‘ಇಲ್ಲ’ವನ್ನು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದರು.

ಗುಜರಿ ಅಂಗಡಿಯಿಂದ ಬಂದ ಸಂಜೆ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಸರ್ ಎಲ್ಲಿದ್ದಾರೆಂದು ಕೇಳಿದೆ. ತೀರಿಕೊಂಡು ಆರು ತಿಂಗಳಾಯಿತು ಎಂಬ ಉತ್ತರ ಬಂತು. ಬೀಳಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಆ ಹಿಂದಿನ ಬೆಂಚಿನವಳಿಗೆ ಫೋನ್ ಮಾಡಿದೆ. ಅವಳಿಗೂ ಗೊತ್ತಿರಲಿಲ್ಲ.

“ಸಿಕ್ಕಾಗೆಲ್ಲ ನಮ್ಮೂರ ಹೆಸರು ಹಿಡದು ನನ್ನ ಕರೀತಿದ್ರವಾ... ನಿನಗ ಆ ಹೆಸರು ನೆನಪೈತೇನು?”

ನನಗೆ ನೆನಪಿರಲಿಲ್ಲ.