ಬೂತಾಯಿ ಎಣ್ಣೆ ಮತ್ತು ಐತಪ್ಪಣ್ಣನ ಹ್ಯಾಂಡ್ ಬ್ರೇಕ್

1961ರಲ್ಲಿ ನಾನು ಮಂಗಳೂರಿನ ಹಂಪನಕಟ್ಟೆಯ ಹತ್ತಿರದ ಒಂದು ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಮಾಲೀಕರಿಗಿಂತ ನನ್ನ ಗತ್ತೇ ಒಂದು ಕೈ ಹೆಚ್ಚು. ಗಿರಾಕಿ ಕಾರಿನ ರೋಗ ಹೇಳಿ ಮುಗಿಸುವ ಮೊದಲೇ ಮದ್ದು ಹೇಳುವವನೆಂದು ಹೆಸರು ಮಾಡಿದ್ದೆ.

ನಮ್ಮ ಊರಿನಲ್ಲಿ ಕಬ್ಬಿಣಕ್ಕೆ ಕಡಲ ಗಾಳಿಯೇ ಶತ್ರು. ಮಳೆಗಾಲಕ್ಕೆ ಮುಂಚೆ ದೋಣಿಗೆ ಬಳಿಯುವ ಬೂತಾಯಿ ಮೀನಿನ ಎಣ್ಣೆಯನ್ನು ಹಳೆಯ ಎಂಜಿನ್ ಆಯಿಲ್ ಜೊತೆ ಬೆರೆಸಿ, ಖಾಯಂ ಗಿರಾಕಿಗಳ ಕಾರಿನ ಅಡಿಗೆ ಸಿಂಪಡಿಸಿ ಕೊಡುವುದು ನಮ್ಮ ಗ್ಯಾರೇಜಿನ ಕ್ರಮ. ಆ ಕೆಲಸವನ್ನು ನಾನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಬಾವುಟಗುಡ್ಡೆಯ ವಕೀಲ ಭಟ್ಟರದು ಮೀನಿನ ಹೆಸರೆತ್ತದ ಮನೆ. ಆದರೂ ತುಕ್ಕಿನ ಭಯಕ್ಕೆ ಅವರೂ ಮೂಗು ಮುಚ್ಚಿಕೊಂಡು ತಮ್ಮ ಹಳೆಯ ಇಂಗ್ಲಿಷ್ ಕಾರನ್ನು ಕಳಿಸುತ್ತಿದ್ದರು.

ಆ ವರ್ಷ ಮಳೆ ಹಿಡಿದ ಸ್ವಲ್ಪ ದಿನಕ್ಕೆ ಅವರ ಡ್ರೈವರ್ ಐತಪ್ಪಣ್ಣ ಕಾರು ತಂದರು. ನನಗಿಂತ ಹಿರಿಯರು, ಮಾತು ಕಡಿಮೆ.

"ಪೊರ್ಬುಲೆ, ಹ್ಯಾಂಡ್ ಬ್ರೇಕ್ ನಿಲ್ಲುವುದಿಲ್ಲ," ಎಂದರು. ಪೊರ್ಬು ಎಂದರೆ ನಮ್ಮ ಕೊಂಕಣಿ ಕ್ರೈಸ್ತರನ್ನು ತುಳುವರು ಗೌರವದಿಂದ ಕರೆಯುವ ಮಾತು.

ಹ್ಯಾಂಡ್ ಬ್ರೇಕಿನ ಕೆಲಸ ಸರಳ. ಲಿವರ್ ಎಳೆದರೆ ಕೇಬಲ್ ಬಿಗಿಯುತ್ತದೆ. ಹಿಂದಿನ ಚಕ್ರಗಳ ಡ್ರಮ್ಮಿನೊಳಗಿರುವ ಬ್ರೇಕ್ ಶೂಗಳು ಹೊರಕ್ಕೆ ಸರಿದು, ಡ್ರಮ್ಮನ್ನು ಒತ್ತಿ ಹಿಡಿಯುತ್ತವೆ. ಹಿಡಿತ ಸಡಿಲವಾದರೆ ಮೊದಲು ಡ್ರಮ್ ಕಳಚಿ ಶೂ ನೋಡಬೇಕು, ಕೇಬಲ್ ಆಮೇಲೆ. ಇದು ಗೊತ್ತಿದ್ದೂ ನಾನು ಕೇಬಲ್ ಮಾತ್ರ ಬಿಗಿದೆ. ಸಮತಟ್ಟಾದ ಅಂಗಳದಲ್ಲಿ ಕಾರನ್ನು ಒಮ್ಮೆ ದೂಡಿ ನೋಡಿದೆ, ಅಲುಗಲಿಲ್ಲ. ಇಳಿಜಾರಿನಲ್ಲಿ ಚಕ್ರಕ್ಕೆ ಕೊಡಲು ಐತಪ್ಪಣ್ಣ ಕಾರಿನಲ್ಲೇ ಒಂದು ಮುರಕಲ್ಲು ಇಟ್ಟುಕೊಂಡಿದ್ದರು. ಅದನ್ನು ಹೊರಗೆ ಎಸೆದು, "ನಾನು ಟೈಟ್ ಮಾಡಿದ ಮೇಲೆ ಕಲ್ಲು ಎಂತಕ್ಕೆ ಮಾರಾಯ್ರೆ?" ಎಂದು ನಕ್ಕೆ. ಅವರು ನನ್ನನ್ನು ನಂಬಿದರು.

ಮರುದಿನ ಬೆಳಿಗ್ಗೆ ವಕೀಲರ ಮನೆಯೆದುರಿನ ಇಳಿಜಾರಿನಲ್ಲಿ ನಿಲ್ಲಿಸಿದ್ದ ಕಾರು ತಾನಾಗಿ ಹೊರಟಿತು. ಗೇರಿನಲ್ಲಿ ಇಟ್ಟಿದ್ದರೂ ಸವೆದ ಎಂಜಿನ್ ತಡೆಯಲಿಲ್ಲ. ಮಲ್ಲಿಗೆ ಮಾರುವ ಹೆಂಗಸೊಬ್ಬರು ಬುಟ್ಟಿಯ ಸಮೇತ ಚರಂಡಿಗೆ ಹಾರಿ ಜೀವ ಉಳಿಸಿಕೊಂಡರು. ಕಾರು ಕೆಳಗಿನ ಮನೆಯ ಪಾಗಾರದ ಗೋಡೆಗೆ ಬಡಿದು ನಿಂತಿತು. ಸುದ್ದಿ ಕೇಳಿ ನಾನು ತಲುಪುವಷ್ಟರಲ್ಲಿ ಐತಪ್ಪಣ್ಣ ದಾರಿ ಬಿಡಿಸಲು ಕಾರನ್ನು ಬದಿಗೆ ತೆಗೆದಿದ್ದರು; ಹಾಗಾಗಿ ಅವರು ಲಿವರ್ ಎಳೆದಿದ್ದರೇ ಇಲ್ಲವೇ ಎಂದು ತಿಳಿಯುವ ಉಪಾಯವಿರಲಿಲ್ಲ.

ನೆರೆಹೊರೆಯವರೆಲ್ಲ ಸೇರಿದ್ದರು. ನಾನು ಲಿವರ್ ಎಳೆದು ನೋಡಿದೆ. ಕೈಗೆ ಗಟ್ಟಿಯಾಗಿಯೇ ಸಿಕ್ಕಿತು.

"ಬ್ರೇಕ್ ಸರಿ ಉಂಟು. ಇವರು ಎಳೆಯಲಿಕ್ಕೆ ಮರೆತದ್ದು," ಎಂದೆ.

"ಎಳೆದಿದ್ದೇನೆ ಪೊರ್ಬುಲೆ. ಬೇಕಾದ್ರೆ ಈ ಇಳಿಜಾರಲ್ಲೇ ಒಮ್ಮೆ ನಿಲ್ಲಿಸಿ ನೋಡುವ."

"ನನಗೆ ನೀವು ಕಲಿಸುವುದು ಬೇಡ!"

ಆ ಪರೀಕ್ಷೆಗೆ ಬೇಕಾದದ್ದು ಅರೆಕ್ಷಣ. ಅದನ್ನು ಮಾಡದೆ ನಾನು ಗ್ಯಾರೇಜಿಗೆ ಹೊರಟೆ. ವಕೀಲರು ಅಂದೇ ಐತಪ್ಪಣ್ಣನನ್ನು ಕೆಲಸದಿಂದ ಬಿಡಿಸಿದರು. ಮರೆಗುಳಿ ಡ್ರೈವರ್ ಎಂದು ಊರಿನಲ್ಲಿ ಸುದ್ದಿಯಾಯಿತು. ಬೇರೆ ಯಾರೂ ಅವರ ಕೈಗೆ ಕಾರು ಕೊಡಲಿಲ್ಲ.

ಮುಂದಿನ ವಾರ ಹೊಸ ಡ್ರೈವರ್ ಅದೇ ಕಾರು ತಂದ. ಹಿಂದಿನ ಚಕ್ರ ಉಜ್ಜುತ್ತದೆ, ಬಿಸಿಯಾಗುತ್ತದೆ ಎಂಬ ದೂರು. ಕಾರು ಒಳಗೆ ಬಂದದ್ದೇ, "ಯಾರು ಮಾರಾಯ್ರೆ ಬೂತಾಯಿ ಹುರಿಯುವುದು?" ಎಂದು ನಮ್ಮ ವೆಲ್ಡರ್ ಕೂಗಿದ. ಎಲ್ಲರೂ ನಕ್ಕರು. ನಾನು ಮಾತ್ರ ನಗದೆ ಜ್ಯಾಕ್ ಎತ್ತಿಕೊಂಡು ಹಿಂದಿನ ಚಕ್ರದತ್ತ ನಡೆದೆ.

ಡ್ರಮ್ ಕಳಚಿದೆ. ಕೇಬಲ್ ಒಳಹೋಗುವ ತೂತಿನ ರಬ್ಬರ್ ಹರಿದಿತ್ತು. ನಾನು ಸಿಂಪಡಿಸಿದ ಎಣ್ಣೆ ಅಲ್ಲಿಂದ ಒಳಗಿಳಿದಿತ್ತು; ಶೂಗಳ ಮೇಲೆ ಡ್ರಮ್ಮಿಗೆ ತಾಗುವ ಪಟ್ಟಿ, ಅಂದರೆ ಲೈನಿಂಗ್, ಅದನ್ನು ಕುಡಿದು ಹೊಳೆಯುತ್ತಿತ್ತು. ಮುಂದಿನ ಚಕ್ರಗಳು ಹಿಡಿಯುತ್ತಿದ್ದುದರಿಂದ ಕಾಲಿನ ಬ್ರೇಕಿನಲ್ಲಿ ದೋಷ ಕಾಣುತ್ತಿರಲಿಲ್ಲ. ಹ್ಯಾಂಡ್ ಬ್ರೇಕಿಗೆ ಹಿಂದಿನ ಚಕ್ರಗಳೇ ಗತಿ. ನಾನು ಅತಿಯಾಗಿ ಬಿಗಿದ ಕೇಬಲಿನಿಂದ ಲಿವರ್ ಗಟ್ಟಿಯಾಗಿ, ಚಕ್ರ ಉಜ್ಜಿ ಬಿಸಿಯಾಗುತ್ತಿತ್ತೇ ಹೊರತು ಎಣ್ಣೆ ಕುಡಿದ ಶೂ ಇಳಿಜಾರಿನಲ್ಲಿ ಕಾರನ್ನು ಹಿಡಿಯುವಂತಿರಲಿಲ್ಲ. ನಾಚಿಕೆಯಾಯಿತು. ಅಲ್ಲಿ ನಿಂತಿದ್ದ ಯಾರ ಮುಖವನ್ನೂ ನೋಡಲಾಗಲಿಲ್ಲ.

ಹೊಸ ಲೈನಿಂಗ್, ಹೊಸ ರಬ್ಬರ್ ಹಾಕಿ, ಡ್ರಮ್ಮನ್ನು ಪೆಟ್ರೋಲಿನಲ್ಲಿ ತೊಳೆದೆ. ಮೊದಲು ಶೂ, ಆಮೇಲೆ ಕೇಬಲ್ ಹೊಂದಿಸಿದೆ. ಬಾವುಟಗುಡ್ಡೆಯ ಇಳಿಜಾರಿನಲ್ಲಿ ನಿಲ್ಲಿಸಿ ಕೆಳಗಿಳಿದೆ. ಕಾರು ಕಂಬದ ಹಾಗೆ ನಿಂತಿತು. ವಕೀಲರಿಗೆ ಎಲ್ಲವನ್ನೂ ಹೇಳಿದೆ. ಅವರು, "ನಾನೂ ವಿಚಾರಿಸದೆ ಶಿಕ್ಷೆ ಕೊಟ್ಟೆನಲ್ಲ. ಐತಪ್ಪನನ್ನು ಕರೆತನ್ನಿ," ಎಂದರು.

ಕಾವೂರಿನ ಐತಪ್ಪಣ್ಣನ ಮನೆಗೆ ಹೋದೆ. ಐತಪ್ಪಣ್ಣ ಬೈಯಲಿಲ್ಲ. ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು. ನಾನು ಬೆಲ್ಲ ಮುಟ್ಟದೆ, ತಪ್ಪು ನನ್ನದೇ ಎಂದು ಹೇಳಿ, ಕೆಲಸಕ್ಕೆ ಮರಳುವಂತೆ ಕೇಳಿದೆ.

"ಅಂದು ನೀವು ರೋಡಲ್ಲಿ ಹೇಳಿದ್ದಲ್ವಾ?" ಎಂದರು ಐತಪ್ಪಣ್ಣ. "ಇದನ್ನೂ ಅಲ್ಲಿಯೇ ಹೇಳಿ. ಹಾಗಾದ್ರೆ ಬರ್ತೇನೆ."

ಹೇಳಿದೆ. ಅದೇ ಇಳಿಜಾರಿನಲ್ಲಿ, ಪಾಗಾರದ ಮನೆಯವರೂ ಮಲ್ಲಿಗೆಯ ಹೆಂಗಸೂ ಕೇಳುವಂತೆ ತಪ್ಪು ನನ್ನದು ಎಂದೆ. ಐತಪ್ಪಣ್ಣ ಕೆಲಸಕ್ಕೆ ಮರಳಿದರು. ಎಲ್ಲ ಸರಿಹೋಯಿತೆಂದು ನಾನು ಹಗುರಾದೆ.

ಆದರೆ ಅಂದಿನಿಂದ ಅವರು ಎಲ್ಲಿ ಕಾರು ನಿಲ್ಲಿಸಿದರೂ ಹತ್ತಿರದಲ್ಲಿದ್ದ ಯಾರನ್ನಾದರೂ ಕರೆದು, ಎಳೆದ ಲಿವರ್ ತೋರಿಸಿ ಕೆಳಗಿಳಿಯುತ್ತಿದ್ದರು. ಮಕ್ಕಳು ಅವರನ್ನು ಅಣಕಿಸುತ್ತಿದ್ದರು. ಡ್ರಮ್ ಕಳಚದೆ ಮಾತಾಡಬಾರದು ಎಂದು ನಾನು ಮುಂದೆ ಎಷ್ಟೋ ಮೆಕ್ಯಾನಿಕ್‌ಗಳಿಗೆ ಕಲಿಸಿದೆ. ಅದು ಕಾರಿನ ಪಾಠವೆಂದು ಅವರು ತಿಳಿದರು.

ಕೆಲಸದಿಂದ ನಿವೃತ್ತರಾಗುವ ಹಿಂದಿನ ದಿನವೂ ಐತಪ್ಪಣ್ಣ ನಮ್ಮ ಗ್ಯಾರೇಜಿನ ಸಮತಟ್ಟಾದ ಅಂಗಳದಲ್ಲಿ ಕಾರು ನಿಲ್ಲಿಸಿ ನನ್ನನ್ನು ಕರೆದರು.

"ಎಳೆದಿದ್ದೇನೆ ಪೊರ್ಬುಲೆ. ನೀವು ನೋಡಿದ್ರಲ್ಲ?"