ಜಪಾನ್ ಕೋವಿಗೆ ಬೆಲೆ ಕಟ್ಟಿದ ಚೌಡಯ್ಯ

ಮಂಡ್ಯದಲ್ಲಿ ಹಳೇ ಕೋವಿಗಳಿಗೆ ಬೆಲೆ ಕಟ್ಟುವ ಚೌಡಯ್ಯ ಮುಖ ನೋಡಿ ಮಣೆ ಹಾಕುವವನಲ್ಲ. ಬಂದವರನ್ನು ಕೂರಿಸುವ ಮೊದಲೇ ಕೋವಿ ಕಿತ್ತುಕೊಂಡು, ನಳಿಗೆಯೊಳಗೆ ಕಣ್ಣಿಟ್ಟು, ಮರದ ಹಿಡಿಯನ್ನು ಮೂಸಿ, "ಯಾವನ್ಲಾ ಇದ್ಕೆ ಬಾಗ್ಲು ಬಣ್ಣ ಬಳ್ದೋನು?" ಎಂದು ಬೈಯುತ್ತಾನೆ. ಮೊನ್ನೆ ದುದ್ದದ ಮಾಯಮ್ಮ ತೀರಿಹೋದ ಗಂಡನ ಜಪಾನ್ ರೈಫಲ್ಲು ತಂದಳು. ನಳಿಗೆಯ ಬುಡದಲ್ಲಿರಬೇಕಾದ, ಜಪಾನ್ ಚಕ್ರವರ್ತಿಯ ಸೇವಂತಿಗೆ ಹೂವಿನ ಮುದ್ರೆ ಸವೆದುಹೋಗಿತ್ತು. "ಹೂವಿಲ್ದಿದ್ರೆ ಅರ್ಧ ಬೆಲೆ ಕಣವ್ವ" ಎಂದ. ಮಾಯಮ್ಮನ ಮುಖ ಇಳಿಯಿತು. "ಪ್ರತಿ ಆಯುಧಪೂಜೆಗೂ ಉಣ್ಸೆ ಅಣ್ಣು ಆಕಿ ಉಜ್ಜೋರು. ನಮ್ ಯಜಮಾನ್ರೇ ಹೂವ ಆಳ್ ಮಾಡ್ಬುಟ್ರಾ?" ಎಂದು ಕೇಳಿದಳು. ಅರದಲ್ಲಿ ಉಜ್ಜಿದ್ದು ಯಾವುದು, ಹುಣಸೆಹಣ್ಣಿನಲ್ಲಿ ಉಜ್ಜಿದ್ದು ಯಾವುದು ಎಂದು ಕಣ್ಣು ಮುಚ್ಚಿ ಬೆರಳಲ್ಲೇ ಹೇಳಬಲ್ಲ ಚೌಡಯ್ಯ, ಅರದ ಗೀರೊಂದೂ ಇಲ್ಲದ ಆ ನುಣುಪು ಜಾಗವನ್ನು ಇನ್ನೊಮ್ಮೆ ಸವರಿ, "ಇಲ್ಲ ಕಣವ್ವ, ಯುದ್ಧ ಸೋತಾಗ ಜಪಾನ್ನೋರೇ ಅರ ಆಕಿ ಅಳ್ಸವ್ರೆ" ಎಂದ.